ಕೆಮ್ಮಬೇಡಿ ಅಂದವಳು

ನಮ್ಮ ಯಜಮಾನರು ಜಯಸಿಂಹ, ಅಮೆರಿಕದ ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಹದಿನೇಳು ವರ್ಷ ಕಾರಿನ ಬಾಗಿಲು ಡಿಸೈನ್ ಮಾಡಿದವರು. ಯಾರ ಕಾರು ಹತ್ತಿದರೂ ಬಾಗಿಲು ಹಾಕಿದ ಸದ್ದು ಕೇಳಿ, "ರಬ್ಬರು ಹೋಗಿದೆ, ಬದಲಾಯಿಸಿ" ಅನ್ನೋರು. ಕೇಳಿದೋರಿಗೂ ಹೇಳೋರು, ಕೇಳದೋರಿಗೂ ಹೇಳೋರು. ಬೇರೆ ವಿಷಯಕ್ಕೆ ಬಾಯಿ ಬಿಡೋ ಜಾಯಮಾನವೇ ಅಲ್ಲ. ಗ್ಯಾರೇಜಿನಲ್ಲಿ ನಿಂತು ದಿನಕ್ಕೆ ನಾಲ್ಕೈದು ಸಿಗರೇಟು ಸೇದೋರು. ನನಗೆ ಗೊತ್ತಿತ್ತು, ಜನಕ್ಕೆ ಗೊತ್ತಿರಲಿಲ್ಲ. ಗೊತ್ತಾಗದೇ ಇರಲಿ ಅಂತ ನಾನೇ ಊದುಬತ್ತಿ ಹಚ್ಚಿಡುತ್ತಿದ್ದೆ.

2009ರ ಮೇ ತಿಂಗಳಲ್ಲಿ ಲೇಆಫ್ ಆಗಿ ಕೆಲಸ ಹೋಯಿತು. ಜೂನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂದರು. ಜುಲೈನಲ್ಲಿ ಆಪರೇಷನ್ ಮಾಡಿ ಬಲಗಡೆಯ ಕೆಳಭಾಗ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಮೂರೇ ಮಾತು: ದಿನಾ ನಡೀಬೇಕು, ಆಳವಾಗಿ ಉಸಿರೆಳೀಬೇಕು, ಚೆನ್ನಾಗಿ ಕೆಮ್ಮಬೇಕು. ಕೆಮ್ಮದಿದ್ದರೆ ಕಫ ಕಟ್ಟಿಕೊಂಡು ಉಳಿದ ಶ್ವಾಸಕೋಶವೂ ಮುದುಡಿಕೊಳ್ಳುತ್ತೆ. ಎದೆಗೆ ದಿಂಬು ಒತ್ತಿಕೊಂಡು ಹೇಗೆ ಕೆಮ್ಮಬೇಕು ಅಂತ ನರ್ಸು ನನಗೂ ತೋರಿಸಿಕೊಟ್ಟಳು. ಸರಿ ಸರಿ ಅಂದೆ.

ಅಷ್ಟರಲ್ಲಾಗಲೇ ನಾನೊಂದು ಸುಳ್ಳು ಹೇಳಿಯಾಗಿತ್ತು. ಪಂಚಾಕ್ಷರಿ ಅಂತ ಪರಿಚಯದವರು, ತಮ್ಮ ಕಂಪನಿಯಲ್ಲಿ ಇವರಿಗೆ ಕೆಲಸ ಕೊಡಿಸ್ತೀನಿ ಅಂದಿದ್ದರು. ಆ ವರ್ಷ ಡೆಟ್ರಾಯಿಟ್‌ನಲ್ಲಿ ಒಂದು ಕೆಲಸಕ್ಕೆ ಇನ್ನೂರು ಜನ ಅಪ್ಲೈ ಮಾಡೋರು. ಶ್ವಾಸಕೋಶ ಕುಯ್ಯಿಸಿಕೊಂಡವರಿಗೆ ಯಾರು ಕೊಡ್ತಾರೆ? ಆದರೆ ಅದು ನೆಪ. ನಿಜ ಹೇಳಬೇಕೆಂದರೆ ಸಿಗರೇಟಿನ ಮಾತು ಹೊರಗೆ ಬರುತ್ತೆ ಅಂತ ನನಗೆ ನಾಚಿಕೆ. ದೇವಸ್ಥಾನದಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಡೋಳು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತ ಕೇಳಿಕೊಂಡು ಬೆಳೆದವಳು. ಇವರು ಸೈಟಿನ ಕೆಲಸಕ್ಕೆ ಮೈಸೂರಿಗೆ ಹೋಗಿದ್ದಾರೆ, ಬರೋದು ಎರಡು ತಿಂಗಳಾಗುತ್ತೆ ಅಂತ ಎಲ್ಲರಿಗೂ ಹೇಳಿಬಿಟ್ಟೆ.

ಮೈಸೂರಲ್ಲಿರೋ ಮನುಷ್ಯ ನಮ್ಮ ಬಡಾವಣೆಯಲ್ಲಿ ವಾಕ್ ಮಾಡೋದು ಹೇಗೆ? ನಮ್ಮ ರಸ್ತೆಯಲ್ಲೇ ಮೂರು ಕನ್ನಡದ ಮನೆ. ಕಿಟಕಿಯ ಬ್ಲೈಂಡ್ಸ್ ಇಳಿಸಿ ಇವರನ್ನು ಮಹಡಿಯ ಕೋಣೆಯಲ್ಲಿ ಕೂರಿಸಿದೆ. ಬೆಲ್ ಆದರೆ ಸಾಕು, ಓಡಿಹೋಗಿ "ರೀ, ಕೆಮ್ಮಬೇಡಿ" ಅನ್ನೋದು.

"ಎದೆಯೊಳಗೆ ಗೊರಗೊರ ಅಂತಿದೆ ಕಣೇ," ಅಂದರು ಒಂದು ದಿನ.

"ಸ್ವಲ್ಪ ತಡ್ಕೊಳ್ಳಿ, ಪ್ರಾಣವೇನೂ ಹೋಗಲ್ಲ," ಅಂದೆ. ನನ್ನ ಬಾಯಿಗಷ್ಟು ಮಣ್ಣು ಹಾಕ.

ವರಮಹಾಲಕ್ಷ್ಮಿ ಹಬ್ಬ ಬಂತು. ಪ್ರತಿವರ್ಷ ಅರಿಶಿನ ಕುಂಕುಮಕ್ಕೆ ಕರೆಯೋ ಮನೆ, ಈ ಸಲ ಕರೆಯದಿದ್ದರೆ ಜನಕ್ಕೆ ಅನುಮಾನ ಬರುತ್ತೆ ಅಂತ ಕರೆದೆ. ಮೂವತ್ತು ಹೆಂಗಸರು, ಅವರಲ್ಲಿ ಪಂಚಾಕ್ಷರಿಯವರ ಹೆಂಡತಿಯೂ ಒಬ್ಬರು. ನಾಲ್ಕಕ್ಕೆ ಬಂದವರು ಏಳಾದರೂ ಏಳಲಿಲ್ಲ. ಒಂದು ಹಾಡು, ಕೋಸಂಬರಿ, ಮತ್ತೊಂದು ಹಾಡು. ಸೀರೆ ಸರಿಮಾಡಿಕೊಳ್ಳೋ ನೆಪದಲ್ಲಿ ಮೇಲೆ ಹೋದೆ. ದಿಂಬನ್ನು ಎದೆಗಲ್ಲ, ಬಾಯಿಗೆ ಒತ್ತಿಕೊಂಡು ಕೂತಿದ್ದರು. ಮುಖವೆಲ್ಲ ಕೆಂಪಾಗಿ ಕಣ್ಣಿಂದ ನೀರು ಸುರಿಯುತ್ತಿತ್ತು. ಯಾವ ಹೆಂಡತಿಯಾದರೂ ಆಗಲೇ ಕೆಳಗಿನವರನ್ನೆಲ್ಲ ಎಬ್ಬಿಸಿ ಕಳಿಸುತ್ತಿದ್ದಳು. "ಇನ್ನರ್ಧ ಗಂಟೆ, ರೀ," ಅಂದು ಇಳಿದು ಬಂದು ನಾನೂ ಒಂದು ಹಾಡು ಹೇಳಿದೆ. ಚೆನ್ನಾಗಿ ಬಂತು ಅಂತ ಎಲ್ಲರೂ ಹೊಗಳಿದರು.

ಮೂರನೇ ದಿನಕ್ಕೆ ನೂರಾಮೂರು ಜ್ವರ, ನ್ಯುಮೋನಿಯಾ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು. ಉಸಿರು ಎಷ್ಟು ಉಳಿದಿದೆ ಅಂತ ನೋಡೋಕೆ ಅಕ್ಟೋಬರಿನಲ್ಲಿ ಕರೆದರು.

ಇವರ ಕೈಲಿ ಕೊಳವೆ ಊದಿಸಿದ ಹುಡುಗಿ ದಿಲ್‌ಶಾದ್, ಗದಗದ ಕಡೆಯವಳು. ಹೆಸರು ನೋಡಿಯೇ ಕನ್ನಡದಲ್ಲಿ ಮಾತಾಡಿಸಿದಳು. ಮೂರು ಸಲ ಊದಿಸಿ ಕಾಗದ ನೋಡಿದಳು.

"ಮೊದಲಿದ್ದದ್ದರಾಗ ಅರ್ಧಾನೂ ಇಲ್ಲರಿ ಅಂಕಲ್. ಬರೇ ಆಪರೇಷನ್ನಿಂದ ಇಷ್ಟು ಇಳೀಬಾರದಾಗಿತ್ತು. ಇದು ಇನ್ನ ತಿರುಗಿ ಬರೂದಿಲ್ಲ. ಕೆಮ್ಮೂದು ಯಾಕ ಬಿಟ್ರಿ? ನಿಮಗ ಯಾರೂ ಹೇಳಲಿಲ್ಲೇನು?"

ನಾನು ವ್ಯಾನಿಟಿ ಬ್ಯಾಗಿನ ಜಿಪ್ಪು ನೋಡುತ್ತಾ ಕೂತೆ.

"ಹೇಳದೇ ಏನಮ್ಮ," ಅಂದರು ಇವರು, ಎರಡು ಮಾತಿಗೊಮ್ಮೆ ನಿಂತು. "ಕೆಮ್ಮಿ ಕೆಮ್ಮಿ ಅಂತ ಇವಳು... ದಿನಾ ಪ್ರಾಣ ತಿಂದಳು. ನೋವಾಗುತ್ತೆ ಅಂತ... ನಾನೇ ಕೇಳಲಿಲ್ಲ."

"ಆಂಟಿ ಮಾತು ಕೇಳಬೇಕಾಗಿತ್ತು ನೋಡ್ರಿ," ಅಂದಳು ದಿಲ್‌ಶಾದ್, ನನ್ನ ಮುಖ ನೋಡಿ.

"ಎಲ್ಲಿ ಕೇಳ್ತಾರಮ್ಮ ನನ್ನ ಮಾತು," ಅಂದುಬಿಟ್ಟೆ ನಾನು.