ಸ್ಟ್ರೈಕಿಗೆ ಹಾಸಿದ ಕಂಬಳಿ

ಹೋದ ವಾರ ಹಗರಿಬೊಮ್ಮನಹಳ್ಳಿಯ ಸರ್ಕಲ್ಲಿನಲ್ಲಿ ನಮ್ಮ ಬಸ್ಸು ನಿಂತುಬಿಟ್ಟಿತು. ಕಿಟಕಿಯಿಂದ ಟೈರು ಸುಟ್ಟ ವಾಸನೆ ಒಳಗೆ ಬಂತು. ಏನಪ್ಪಾ ವಿಷಯ ಎಂದು ಪಕ್ಕದ ಹುಡುಗನನ್ನು ಕೇಳಿದರೆ ಅವನು ಮೊಬೈಲಿನಿಂದ ಕಣ್ಣೆತ್ತದೆ "ಪ್ರೊಟೆಸ್ಟ್ ಅಂಕಲ್" ಎಂದ. ನನಗೇಕೋ ಸಣ್ಣ ಅನ್ಯಾಯವಾದಂತೆ ಅನಿಸಿತು. ಟೈರು ಅದೇ, ಹೊಗೆ ಅದೇ, ಧಿಕ್ಕಾರವೂ ಅದೇ. ನಮ್ಮ ಕಾಲದಲ್ಲಿ ಇದಕ್ಕೆ ಸ್ಟ್ರೈಕ್ ಎನ್ನುತ್ತಿದ್ದೆವು.

ನೀವು ಈ ಕಡೆಯವರಾದರೆ ನಾನು ಹೇಳಬೇಕಾಗಿಲ್ಲ. ತೊಂಬತ್ತರ ದಶಕದಲ್ಲಿ ಕೂಡ್ಲಿಗಿಯಿಂದ ಹಡಗಲಿಯವರೆಗೆ ಆ ಒಂದು ಇಂಗ್ಲಿಷ್ ಪದ ಹೊತ್ತ ಭಾರ ಅಷ್ಟಿಷ್ಟಲ್ಲ. ಮೆರವಣಿಗೆ ಹೋದರೂ ಸ್ಟ್ರೈಕು, ಉಪವಾಸ ಕೂತರೂ ಸ್ಟ್ರೈಕು, ಯಾರೋ ಬಂದು ಶಾಲೆಯ ಗಂಟೆ ಬಾರಿಸಿ ಮಕ್ಕಳನ್ನು ಮನೆಗೆ ಓಡಿಸಿದರೂ ಸ್ಟ್ರೈಕು. ಎಮ್ಮೆ ಹಾಲು ಕೊಡದೆ ಒದ್ದರೆ ನಮ್ಮವ್ವ ಅದೂ ಸ್ಟ್ರೈಕ್ ಮಾಡಿದೆ ಎನ್ನುತ್ತಿದ್ದಳು. ನಾನು ನಿಘಂಟು ತೆಗೆದು, ಕೆಲಸಗಾರರು ಕೆಲಸ ನಿಲ್ಲಿಸಿದರೆ ಮಾತ್ರ ಅದು ಸ್ಟ್ರೈಕ್ ಎಂದು ತಿದ್ದಲು ಹೋದೆ. "ಹಂಗಾದ್ರ ನಿನಗ ಆ ಭಾಗ್ಯ ಇಲ್ಲ ಬಿಡು" ಎಂದಳು. ಬಿ.ಎ. ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ ನನ್ನಲ್ಲಿ ನಿಲ್ಲಿಸಲು ಯಾವ ಕೆಲಸವೂ ಇರಲಿಲ್ಲ.

ಆ ವರ್ಷ ನನ್ನ ತಂಗಿ ಗಿರಿಜಾ ಎಸ್ಸೆಸ್ಸೆಲ್ಸಿ ಪಾಸಾದಳು. ಕಾಲೇಜಿಗೆ ಕೊಟ್ಟೂರಿಗೆ ಹೋಗಬೇಕು. ನಮ್ಮದು ಚಿಗಟೇರಿ ಕಡೆಯ ಸಣ್ಣ ಊರು. ಕೊಟ್ಟೂರಿನ ಬಸ್ಸು ನಮ್ಮ ಕಿರಾಣಿ ಅಂಗಡಿಯ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಬಸ್ಸು ನಿಲ್ಲದ ಊರಿನಿಂದ ಹೆಣ್ಣುಹುಡುಗಿ ಕಾಲೇಜಿಗೆ ಹೋಗುವುದಾದರೂ ಹೇಗೆ ಎಂದು ಅಪ್ಪ ಕೇಳಿದರು. ಹಾಗೆ ಕೇಳುತ್ತಲೇ ನಮ್ಮ ಕಡೆಯದೇ ಆದ ಅರಸೀಕೆರೆಯ ಒಂದು ಗಂಡಿನ ಮಾತೆತ್ತಿದರು. ಗಿರಿಜಾ ಊಟ ಬಿಟ್ಟಳು. ಅವ್ವ ಅದಕ್ಕೂ ಸ್ಟ್ರೈಕ್ ಎಂದಳು, ಆದರೆ ಈ ಸಲ ನಗಲಿಲ್ಲ.

ತಂಗಿಗಾಗಿ ನಾನು ನಾಯಕನಾದೆ. ಗೆಳೆಯರನ್ನು ಸೇರಿಸಿ ರಸ್ತೆಗೆ ಕಲ್ಲು, ಜಾಲಿಮುಳ್ಳು ಎಳೆಸಿದೆ. ಇಸ್ತ್ರಿ ಅಂಗಿ ತೊಟ್ಟು ಭಾಷಣವನ್ನು ಬಾಯಿಪಾಠ ಮಾಡಿಕೊಂಡು ನಿಂತೆ. ಡ್ರೈವರು ದೂರದಿಂದಲೇ ನಮ್ಮನ್ನು ನೋಡಿದ. ಸಾವಕಾಶ ಸ್ಟೇರಿಂಗ್ ತಿರುಗಿಸಿ ಪಕ್ಕದ ಬಿತ್ತದ ಹೊಲಕ್ಕೆ ಬಸ್ಸು ಇಳಿಸಿದ, ನಮ್ಮನ್ನು ಬಳಸಿಕೊಂಡು ಮುಂದೆ ರಸ್ತೆ ಹತ್ತಿದ, ಹೋಗುವಾಗ ಕೈ ಬೀಸಿದ. ನನ್ನ ಗೆಳೆಯನೊಬ್ಬ ಅಭ್ಯಾಸಬಲದಿಂದ ತಾನೂ ಕೈ ಬೀಸಿದ.

ಮರುದಿನ ಕುರಿ ಕಾಯುವ ಬೀರಜ್ಜ ನಾನು ಕರೆಯದೆಯೇ ಬಂದ. ಮಾತಿಲ್ಲ ಕತೆಯಿಲ್ಲ, ಹೆಗಲ ಮೇಲಿನ ಕರಿ ಕಂಬಳಿಯನ್ನು ರಸ್ತೆಗೆ ಅಡ್ಡ ಹಾಸಿ, ಮೇಲೆ ದೇವರ ಭಂಡಾರದ ಒಂದು ಚಿಟಿಕೆ ಅರಿಶಿನ ಉದುರಿಸಿ ಕೂತ. ದೇವರ ಹೆಸರಿನಲ್ಲಿ ಹಾಸಿದ ಕಂಬಳಿಯನ್ನು ನಮ್ಮ ಕಡೆ ಯಾರೂ ತುಳಿಯುವುದಿಲ್ಲ, ದಾಟುವುದಿಲ್ಲ. ಅದರ ಮೇಲೆ ಕೂತು ಆಡಿದ ಮಾತಿಗೆ ತಪ್ಪುವುದೂ ಇಲ್ಲ. ಅದೇ ಡ್ರೈವರು ಬ್ರೇಕು ಹಾಕಿದ, ಇಳಿದ, ಚಪ್ಪಲಿ ಬಿಟ್ಟು ಅಡ್ಡಬಿದ್ದ. ಹೊಲ ಪಕ್ಕದಲ್ಲೇ ಇತ್ತಲ್ಲ ಎನ್ನಬೇಡಿ. ಬಳಸಿ ಹೋಗುವುದೂ ದಾಟಿದಂತೆಯೇ ಎಂದು ನಮಗೆ ತಿಳಿಸಿ ಹೇಳಿದವನು ಅವನೇ.

ಪ್ರಯಾಣಿಕರೂ ಇಳಿದರು. ಒಬ್ಬರು ಬಾಳೆಹಣ್ಣು ಇಟ್ಟರು, ಇನ್ನೊಬ್ಬರು ಬೀಗರ ಮನೆಗೆಂದು ಒಯ್ಯುತ್ತಿದ್ದ ತೆಂಗಿನಕಾಯಿ ಒಡೆದರು. ನಾನು "ಬೇಕೇ ಬೇಕು, ಬಸ್ಸು ಬೇಕು" ಎಂದು ಕೂಗಿದ್ದಕ್ಕೆ ಒಬ್ಬ ಮುದುಕಿ, ಪೂಜೆ ನಡೆಯುವಾಗ ಗದ್ದಲ ಮಾಡಬಾರದು ಎಂದು ಗದರಿದಳು. ನಾಯಕನಾದ ನಾನು ಕೊಬ್ಬರಿ ಚೂರು ಹಂಚುತ್ತಾ ಓಡಾಡಿದೆ.

ಕಂಡಕ್ಟರು ಮುಂದಿನ ಊರಿಗೆ ಹೋಗಿ ಫೋನು ಮಾಡಿದ. ಮಧ್ಯಾಹ್ನಕ್ಕೆ ಡಿಪೊದ ಸಾಹೇಬರು ಜೀಪಿನಲ್ಲಿ ಬಂದರು. ಬೂಟು ಬಿಚ್ಚಿದಾಗ ಕಾಲುಚೀಲದಿಂದ ಹೆಬ್ಬೆರಳು ಹೊರಗಿಣುಕಿತು. ಅವರು ಅದನ್ನು ಮಡಚಿಕೊಂಡೇ ಕಂಬಳಿಯ ಮೇಲೆ ಕೂತು, ಸೋಮವಾರದಿಂದ ಬಸ್ಸು ನಿಲ್ಲುತ್ತದೆ ಎಂದು ಮಾತು ಕೊಟ್ಟರು. ನಾವು ಶಿಳ್ಳೆ ಹೊಡೆದೆವು.

ಬೀರಜ್ಜ ಮಾತ್ರ ಏಳಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪನತ್ತ ತಿರುಗಿ "ಸಾವ್ಕಾರ್ರ, ಬರ್ರಿ, ನೀವೂ ಕುಂದರ್ರಿ" ಎಂದ. ಸಾಹೇಬರ ಪಕ್ಕದ ಜಾಗವೆಂದು ಅಪ್ಪ ಶಲ್ಯ ಸರಿಮಾಡಿಕೊಂಡು ಬಂದು, ಹೆಮ್ಮೆಯಿಂದಲೇ ಕೂತರು.

"ಬಸ್ಸಂತೂ ನಿಂದ್ರತೈತಿ" ಎಂದ ಬೀರಜ್ಜ. "ಗಿರಿಜವ್ವನ್ನ ಓದಸ್ತೀರೇನ್ರಿ, ಆಕಿ ಸಾಕು ಅನ್ನೋತನಕ?"

ಅಪ್ಪ ತಾವು ಕೂತ ಜಾಗವನ್ನು ಆಗ ನೋಡಿಕೊಂಡರು. ಊರೆಲ್ಲ ಸುತ್ತ ನಿಂತಿತ್ತು. ಅರಸೀಕೆರೆಯವರಿಗೆ ಆಗಲೇ ಅರ್ಧ ಮಾತು ಕೊಟ್ಟಿದ್ದರೆಂದು ನಮಗೆ ಆಮೇಲೆ ತಿಳಿಯಿತು. ಕೊನೆಗೆ ಅಪ್ಪ "ಓದಸ್ತೀನಿ" ಎಂದರು. ಬಾಗಿಲ ಹಿಂದೆ ನಿಂತಿದ್ದ ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು, ಜೀಪಿನ ಧೂಳು ಎಂದು ಸುಳ್ಳು ಹೇಳಿದೆ.

ಈ ಕತೆಯನ್ನು ನನ್ನ ನಾಯಕತ್ವದ ಸಮೇತ ಅದೆಷ್ಟು ಜನರಿಗೆ ಹೇಳಿದ್ದೇನೋ. ಹೋದ ವಾರವೂ ಆ ನಿಂತ ಬಸ್ಸಿನಲ್ಲೇ ಕೂತು, ಈಗ ಹಡಗಲಿಯಲ್ಲಿ ಟೀಚರಾಗಿರುವ ಗಿರಿಜಾಳಿಗೆ ಫೋನು ಹಚ್ಚಿದೆ. ಸ್ಟ್ರೈಕಿಗೆ ಈಗ ಪ್ರೊಟೆಸ್ಟ್ ಎನ್ನುತ್ತಾರಂತೆ, ಏನೇ ಅಂದರೂ ನಾನು ಮಾಡಿಸಿದಂಥದ್ದು ಮತ್ತೆ ಆಗಲಿಲ್ಲ ನೋಡು ಎಂದೆ. ಆಕೆ ನಕ್ಕಳು.

"ನಿನ್ನ ಸ್ಟ್ರೈಕು ಹೊಲದಾಗ ಹಾದು ಹೋತಲ್ಲಣ್ಣ. ಅವತ್ತ ಸಂಜಿಮುಂದ ಬೀರಜ್ಜನ ಹಟ್ಟಿಗೆ ಹೋಗಿ, ಕಂಬಳಿ ತಗಂಡು ಬಾ ಅಜ್ಜ ಅಂದಾಕಿ ನಾನು."

ಬಸ್ಸಿಗಾಗಿ ನೀನು ಅಷ್ಟು ದೂರ ಯೋಚಿಸಿದ್ದೆಯಾ ಎಂದು ನಾನು ಬೆರಗಾಗಿ ಕೇಳಿದೆ.

"ಬಸ್ಸು ಇವತ್ತಲ್ಲ ನಾಳಿ ನಿಂದ್ರತಿತ್ತು" ಎಂದಳು. "ನಾನು ಅಪ್ಪನ್ನ ಕುಂದ್ರಸಬೇಕಾಗಿತ್ತು."