ಟರ್ಬೊದೊಳಗಿನ ನೂಲು

"ಮೇಡಂ, ಗಾಡಿ ಯಾರು ಓಡಿಸೋದು?"

ಸರ್ವೀಸ್ ಸೆಂಟರಿನ ಅಡ್ವೈಸರ್ ಕೇಳಿದ ಮೊದಲ ಪ್ರಶ್ನೆಯೇ ಇದು. ನಾನೇ ಎಂದೆ.

"ಅದಕ್ಕೇ ಟರ್ಬೊ ಹೋಗಿದೆ. ಡ್ರೈವಿಂಗ್ ತಪ್ಪಿಂದ ಹೋದ್ರೆ ವಾರಂಟಿ ಬರಲ್ಲ" ಎಂದ. ಬಾನೆಟ್ ಎತ್ತಿ ಅರ್ಧ ನಿಮಿಷ ಸದ್ದು ಕೇಳಿದ್ದ, ಅಷ್ಟೇ. ಒಂದು ಬೋಲ್ಟೂ ಬಿಚ್ಚಿರಲಿಲ್ಲ.

ನನ್ನದು ಡೀಸೆಲ್ ಕಾರು. ದಿನಾ ಕುಂದಾಣದಿಂದ ದೊಡ್ಡಬಳ್ಳಾಪುರದ ಬ್ಯಾಂಕ್ ಕೆಲಸಕ್ಕೆ ಅದರಲ್ಲೇ ಓಡಾಟ. ಇದೇ ಸೆಂಟರಿನಲ್ಲಿ ಸರ್ವೀಸ್ ಮಾಡಿಸಿ ತಿಂಗಳೂ ಆಗಿರಲಿಲ್ಲ. ಏರು ಬಂದರೆ ಎಳೆಯುತ್ತಿರಲಿಲ್ಲ, ಹಿಂದೆ ಕಪ್ಪು ಹೊಗೆ, ಮುಂದೆ ಕುಕ್ಕರಿನಂಥ ಸಿಳ್ಳೆ. (ಟರ್ಬೊ ಎಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಫ್ಯಾನು ಅಂದುಕೊಳ್ಳಿ.)

ಹದಿನಾಲ್ಕು ವರ್ಷ ಗಾಡಿ ಓಡಿಸಿದವಳು ಅವನ ಒಂದೇ ಮಾತಿಗೆ ನನ್ನನ್ನೇ ಅನುಮಾನಿಸತೊಡಗಿದೆ. ಕ್ಲಚ್ ಸರಿಯಾಗಿ ಬಿಡುತ್ತಿರಲಿಲ್ಲವೇ? ಗೇರ್ ತಪ್ಪಾಗಿ ಹಾಕಿದೆನೇ?

ದೊಡ್ಡಬಳ್ಳಾಪುರದಲ್ಲಿ ನನ್ನ ಅಕ್ಕ ಪವರ್‌ಲೂಮ್ ನಡೆಸುತ್ತಾಳೆ. ಮಗ್ಗ ಕೆಟ್ಟರೆ ಬಿಚ್ಚುವವಳೂ ಅವಳೇ, ಜೋಡಿಸುವವಳೂ ಅವಳೇ. ಕಾರನ್ನು ಅವಳ ಅಂಗಳಕ್ಕೆ ಒಯ್ದು ಗೋಳು ಹೇಳಿಕೊಂಡೆ.

"ಬಿಚ್ಚೋಣ ಬಿಡೇ. ಮನುಷ್ರು ಜೋಡ್ಸಿರೋದು ತಾನೆ" ಎಂದಳು.

ಕೈಯಲ್ಲಿ ಮಗ್ಗದ ಸ್ಪ್ಯಾನರು, ಎದುರಿಗೆ ಫೋನಿನ ವಿಡಿಯೊ. ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟೆವು, ಕಾದೆವು, ಮತ್ತೆ ತಿರುಗಿಸಿದೆವು. ನಾಲ್ಕನೆಯದು ಸಡಿಲವಾಗುವಷ್ಟರಲ್ಲಿ ನನ್ನ ಬೆರಳ ಗೆಣ್ಣು ಸುಲಿದಿತ್ತು.

ಹೊರತೆಗೆದ ಟರ್ಬೊದ ಬಾಯಿಗೆ ಅಕ್ಕ ಟಾರ್ಚ್ ಹಿಡಿದಳು. ಬೆರಳು ಹಾಕಿ ಏನನ್ನೋ ಎಳೆದಳು.

"ಇದು ನೂಲು ಕಣೇ."

ಹೌದು, ನೂಲು. ಎಣ್ಣೆ ಹತ್ತಿ ಕಪ್ಪಾದ ಹತ್ತಿ ನೂಲು ಫ್ಯಾನಿಗೆ ಸುತ್ತಿಕೊಂಡು ರೆಕ್ಕೆಗಳನ್ನು ಬಾಗಿಸಿತ್ತು. ಎಲ್ಲಿಂದ ಬಂತು? ಏರ್ ಫಿಲ್ಟರಿನಿಂದ ಬರುವ ಪೈಪನ್ನು ಬಿಚ್ಚಿದರೆ ಒಳಗೆ ಕೈ ಒರೆಸುವ ಬಟ್ಟೆ, ಅರ್ಧ ಚಿಂದಿಯಾಗಿ. ಅಂಚಿನಲ್ಲಿ ಅದೇ ಸರ್ವೀಸ್ ಸೆಂಟರಿನ ಹೆಸರಿನ ಅಚ್ಚು.

ತಪ್ಪು ನನ್ನ ಡ್ರೈವಿಂಗಿನದಂತೆ!

ಸಿಟ್ಟು ಬಂತು. ಮರೆತು ಬಿಟ್ಟದ್ದಕ್ಕಲ್ಲ, ಮರೆವು ಯಾರಿಗಿಲ್ಲ? ನೋಡದೆಯೇ ನನ್ನ ಮೇಲೆ ಹೊರಿಸಿದ್ದಕ್ಕೆ.

ಬೆಂಗಳೂರಿನಿಂದ ಬೇರೆ ಟರ್ಬೊ ತಂದೆವು. ಪೈಪುಗಳನ್ನೆಲ್ಲ ತೊಳೆದು ಒಣಗಿಸಿ, ಹೊಸ ವಾಷರ್ ಹಾಕಿ, ಟರ್ಬೊಗೆ ಆಯಿಲ್ ಉಣಿಸಿ ಜೋಡಿಸಿದೆವು. ಭಾನುವಾರ ಮಧ್ಯಾಹ್ನ ಕೀ ತಿರುಗಿಸಿದೆ. ಅಕ್ಕ ಕಿವಿಗೊಟ್ಟು ನಿಂತಳು.

"ಸಿಳ್ಳೆ ಇಲ್ಲ. ಕೈ ತೊಳ್ಕೊ, ಊಟಕ್ಕೆ ಹಾಕ್ತೀನಿ" ಎಂದಳು.

ಸೋಮವಾರ ಹಳೇ ಟರ್ಬೊವನ್ನೂ ಆ ಬಟ್ಟೆಯನ್ನೂ ಅಡ್ವೈಸರ್ ಟೇಬಲ್ ಮೇಲಿಟ್ಟೆ. ಬಟ್ಟೆಯನ್ನು ತಿರುಗಿಸಿ ನೋಡಿದ. ಹೆಸರು ಓದಿದ. ಸಾರಿ ಎನ್ನುತ್ತಾನೆಂದು ಕಾದೆ.

"ಹೊರಗಡೆ ಬಿಚ್ಚಿದೀರಲ್ಲ ಮೇಡಂ, ಇನ್ಮೇಲೆ ಈ ಗಾಡಿಗೆ ವಾರಂಟಿನೇ ಇರಲ್ಲ" ಎಂದ.

ನಾವು ಬಿಚ್ಚಿ ಸರಿಮಾಡಿದರೆ ನಮ್ಮ ವಾರಂಟಿ ಹೋಗುತ್ತದೆ, ಆಯಿತು. ನೀವು ಬಿಚ್ಚಿ ಕೆಡಿಸಿದರೆ ನಿಮ್ಮದೇನು ಹೋಗುತ್ತದೆ ಸ್ವಾಮಿ?