ಅತ್ತೆ ಆರಿಸಿದ ವಾಚು

ನಮ್ಮತ್ತೆಗೆ ವಾಚು ಬೇಕು ಅನ್ನಿಸಿದ್ದು ಎಪ್ಪತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವರ ಕೈಗೆ ವಾಚು ಏರಿದ್ದೇ ಇಲ್ಲ. ಅವರು ಮದುವೆಯಾಗಿ ವಸಂತಪುರಕ್ಕೆ ಬಂದಾಗ ಈಗ ನಮ್ಮ ಮನೆಯಿರುವ ಜಾಗದಲ್ಲಿ ರಾಗಿ ಹೊಲವಿತ್ತಂತೆ. ಆಗ ನೆರಳು ನೋಡಿ ಹೊತ್ತು ಹೇಳುತ್ತಿದ್ದರು. ಸುತ್ತ ಮನೆಗಳೆದ್ದು ನೆರಳೆಲ್ಲ ಕಲಸಿಹೋದ ಮೇಲೆ ಮಾವನವರನ್ನು ಕೇಳುತ್ತಿದ್ದರು. ಮಾವ ತೀರಿಹೋಗಿ ಮೂರು ವರ್ಷವಾಯಿತು.

ಅತ್ತೆ ಕೊಟ್ಟ ಕಾರಣ ನೀರಿನ ಮೋಟಾರು. ಮೇಲಿನ ಬಾಡಿಗೆ ಮನೆಗಳಿಗೆ ನೀರು ಹತ್ತಿಸುವುದು ಅವರ ಕೆಲಸ. ಆ ಸ್ವಿಚ್ಚನ್ನು ಇನ್ಯಾರೂ ಮುಟ್ಟುವಂತಿಲ್ಲ. ಒಂದು ಬೆಳಿಗ್ಗೆ ಮೋಟಾರು ಹಾಕಿ, ಹಾಗೇ ಪಾರ್ಕಿಗೆ ಹೋಗಿ, ಗೆಳತಿಯರ ಜೊತೆ ಮಾತಿಗೆ ಕೂತುಬಿಟ್ಟರು. ಟ್ಯಾಂಕು ತುಂಬಿ, ಟೆರೇಸಿನಲ್ಲಿ ಒಣಹಾಕಿದ್ದ ಎಲ್ಲರ ಬಟ್ಟೆಯ ಮೇಲೂ ನೀರು.

"ಕೈಗೊಂದು ವಾಚ್ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ," ಅಂದರು ಅತ್ತೆ.

"ಫೋನ್ ಇದೆಯಲ್ಲ ಅತ್ತೆ?"

"ಅದುನ್ನ ಎಲ್ಲಿ ಮಡಗಿದ್ದೀನಿ ಅಂತ ಹುಡುಕೋದ್ರೊಳಗೆ ಗಂಟೆನೇ ಆಗೋಯ್ತದೆ."

ನನ್ನ ಗಂಡ ತಮ್ಮ ಹಳೆಯ ಸ್ಮಾರ್ಟ್ ವಾಚನ್ನು ಅಮ್ಮನ ಕೈಗೆ ಕಟ್ಟಿದರು. ಎರಡೇ ದಿನಕ್ಕೆ ಅದು ವಾಪಸ್ ಬಂತು. "ತಗೋ ಮಾರಾಯ. ಈಗಿನ್ನೂ ಕೂತಿರ್ತೀನಿ, ಎದ್ದು ಓಡಾಡು ಅಂತ ಕೈ ನಡುಗಿಸ್ತದೆ. ನಮ್ಮತ್ತೆನೂ ನನಗಿಷ್ಟು ಕಾಟ ಕೊಟ್ಟಿರ್ಲಿಲ್ಲ."

ಆ ಶನಿವಾರ ನಾವಿಬ್ಬರೇ ಮೆಟ್ರೋದಲ್ಲಿ ಜಯನಗರಕ್ಕೆ ಹೋದೆವು. ಅವರಿಗೆ ಏನು ಕೊಡಿಸಬೇಕು ಅಂತ ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದೆ: ತೆಳು ಬೆಲ್ಟು, ಚಿನ್ನದ ಬಣ್ಣದ ಪುಟ್ಟ ಡಯಲ್ಲು, ನನ್ನದರ ಹಾಗೇ. ಫೋರ್ತ್ ಬ್ಲಾಕಿನ ಅಂಗಡಿಯಲ್ಲಿ ಅತ್ತೆ ಬಾಯಿ ತೆರೆಯುವ ಮೊದಲೇ, "ದಿನಾ ಹಾಕೋದಕ್ಕೆ ಹಗುರವಾಗಿರೋದು ತೋರಿಸಿ," ಅಂದೆ.

ಅಂಗಡಿಯವರು ಒಂದು ಟ್ರೇ ತುಂಬ ತಂದಿಟ್ಟು, ಅದರಲ್ಲೊಂದನ್ನು ಅತ್ತೆಯ ಕೈಗೆ ಕಟ್ಟಿದರು. "ನೋಡಿ ಅಮ್ಮ, ಹಾಕ್ಕೊಂಡಿರೋದೇ ಗೊತ್ತಾಗಲ್ಲ."

"ಗೊತ್ತಾಗ್ದೇ ಇದ್ರೆ ಯಾಕಪ್ಪ ಹಾಕ್ಕೋಬೇಕು?"

ನಾನು ನಕ್ಕೆ. ಅತ್ತೆ ನಗಲಿಲ್ಲ. ಅವರ ಕಣ್ಣು ಆಗಲೇ ಆಚೆ ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ವಾಚಿನ ಮೇಲಿತ್ತು. ಸ್ಟೀಲ್ ಚೈನಿನದು. ಬಿಳಿ ಡಯಲ್ಲಿನ ಮೇಲೆ ಒಂದರಿಂದ ಹನ್ನೆರಡರವರೆಗೂ ದಪ್ಪ ದಪ್ಪ ಅಂಕಿ.

"ಅದು ಕೊಡಿ."

"ಅದು ಜೆಂಟ್ಸ್ ವಾಚು ಅಮ್ಮ, ಭಾರ."

"ಇರ್ಲಿ ಕೊಡಿ. ಗಂಟೆ ಅವ್ರಿಗೊಂದು ನಮಗೊಂದು ಇರ್ತದಾ?"

ಹಾಕಿಕೊಂಡು ಕೈ ಮೇಲೆತ್ತಿದರು. ವಾಚು ಮೊಣಕೈಯತ್ತ ಜಾರಿತು. ಕೈ ಇಳಿಸಿದರು. ಚೈನು ಸಣ್ಣಗೆ ಸದ್ದು ಮಾಡುತ್ತ ಮಣಿಕಟ್ಟಿಗೆ ಬಂದು ಕೂತಿತು. ಮತ್ತೊಮ್ಮೆ ಎತ್ತಿದರು, ಇಳಿಸಿದರು. ನನಗೆ ಸ್ವಲ್ಪ ಮುಜುಗರವಾಯಿತು. "ಅತ್ತೆ, ಇಷ್ಟು ಭಾರ ದಿನಾ ಹಾಕ್ಕೊಂಡ್ರೆ ಕೈ ನೋಯುತ್ತೆ," ಅಂದೆ.

ಅವರು ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು: "ನಿಂಗೆ ಗೊತ್ತಾಗಲ್ಲ ಕಣಮ್ಮ. ಐವತ್ತು ವರ್ಷ ಡಜನ್ ಬಳೆ ಹಾಕಿದ್ದ ಕೈಯಿದು. ಈಗ ಎತ್ತಿದ್ರೆ ಸುಮ್ನೆ ಮೇಲಕ್ಕೋಯ್ತದೆ. ನನ್ನ ಕೈಯೇ ಅಲ್ವೇನೋ ಅನ್ನಂಗೆ."

ಮಾವನ ಕಾರ್ಯದ ದಿನ ಹಿರಿಯ ಹೆಂಗಸರು ಅವರ ಹಸಿರು ಬಳೆ ತೆಗೆಸುವಾಗ ನಾನು ಬಾಗಿಲ ಬಳಿಯೇ ನಿಂತಿದ್ದೆ. ತಡೆಯಬೇಕು ಅನ್ನಿಸಿತ್ತು, ಧೈರ್ಯ ಬರಲಿಲ್ಲ. ಆಮೇಲೆ ಎಷ್ಟೋ ಸಲ "ಹಾಕ್ಕೊಳ್ಳಿ ಅತ್ತೆ, ಈಗೆಲ್ಲ ಯಾರು ನೋಡ್ತಾರೆ" ಅಂದಿದ್ದೇನೆ. ಬೇಡ ಅಂತ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಆ ಕೈಗೆ ಭಾರ ಬೇಕಾಗಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ.

ಅಂಗಡಿಯವರು ಅಳತೆ ನೋಡಿ ನಾಲ್ಕು ಕೊಂಡಿ ತೆಗೆಯಬೇಕು ಅಂದರು.

"ಎರಡು ಸಾಕು," ಅಂದರು ಅತ್ತೆ.

"ಸಡಿಲ ಆಗುತ್ತಲ್ಲಮ್ಮ? ಓಡಾಡ್ತಾ ಇರುತ್ತೆ."

"ಓಡಾಡ್ಲಿ ಬಿಡಪ್ಪ."

ಅಂಗಡಿಯವರು ನನ್ನ ಮುಖ ನೋಡಿದರು. "ಅಮ್ಮ ಹೇಳಿದ ಹಾಗೇ ಮಾಡಿ ಸಾರ್," ಅಂದೆ. ಅಂಗಡಿಗೆ ಬಂದಾಗಿನಿಂದ ನಾನು ಆಡಿದ ಸರಿಯಾದ ಮಾತು ಅದೊಂದೇ.

ವಾಪಸ್ ಬರುವಾಗ ಮೆಟ್ರೋದಲ್ಲಿ ಯಾರೋ ಎದ್ದು ಜಾಗ ಕೊಟ್ಟರೂ ಅತ್ತೆ ಕೂರಲಿಲ್ಲ. ಕಂಬ ಹಿಡಿದು, ಕೈ ಎತ್ತಿಕೊಂಡೇ ನಿಂತಿದ್ದರು. ಒಂದೊಂದು ಸ್ಟೇಷನ್ ಬಂದಾಗಲೂ ಗಂಟೆ ನೋಡಿ ನನಗೆ ವರದಿ ಒಪ್ಪಿಸುತ್ತಿದ್ದರು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ, "ಆಂಟಿ, ವಾಚ್ ಸಖತ್ತಾಗಿದೆ," ಅಂದಳು. "ನಾನೇ ಆರಿಸಿದ್ದು," ಅಂದರು ಅತ್ತೆ. ಅವರ ಸೀರೆ, ಒಡವೆ, ಚಪ್ಪಲಿ ಎಲ್ಲವನ್ನೂ ಇಷ್ಟು ವರ್ಷ ನಾವೇ ಯಾರಾದರೂ ತಂದುಕೊಡುತ್ತಿದ್ದೆವು. ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅವತ್ತೇ ಮೊದಲು.

ಮುಂದಿನ ತಿಂಗಳು ತ್ಯಾಗರಾಜನಗರದಲ್ಲಿ ನೆಂಟರ ಗೃಹಪ್ರವೇಶ. ಅಲ್ಲಿಗೆ ಬಂದಿದ್ದ ಅತ್ತೆಯ ತಂಗಿ ಅಕ್ಕನ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಏನಕ್ಕ, ಈ ವಯಸ್ಸಲ್ಲಿ ಗಂಡಸರ ವಾಚು!"

"ಹಾಕ್ಕೊಂಡು ನೋಡು, ಆಮ್ಯಾಲೆ ಮಾತಾಡು," ಅಂತ ಅತ್ತೆ ಬಿಚ್ಚಿ ಕೊಟ್ಟರು.

ತಂಗಿ ಅದನ್ನು ಕೈಗೇರಿಸಿ ಒಂದೆರಡು ಸಲ ಆಡಿಸಿದರು. ಊಟಕ್ಕೆ ಕೂತರು, ಎದ್ದರು, ಎಲೆ ಅಡಿಕೆ ಹಾಕಿಕೊಂಡರು, ನೆಂಟರನ್ನೆಲ್ಲ ಮಾತಾಡಿಸಿಕೊಂಡು ಬಂದರು. ವಾಚು ಮಾತ್ರ ಬಿಚ್ಚಲಿಲ್ಲ. ಕೊನೆಗೆ ನಾವು ಹೊರಡುವ ಹೊತ್ತಿಗೆ ಅತ್ತೆ ಬಾಯಿಬಿಟ್ಟು ಕೇಳಿಯೇ ಇಸ್ಕೊಳ್ಳಬೇಕಾಯಿತು.